ಸಫಾರಿಯ ಹಿಂಬದಿಗೆ ಎತ್ತರದ ಸ್ಪ್ರಿಂಗ್ ಹಾಕಿದ ದಿನ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಗೇಟಿನ ಹತ್ತಿರ ಒಂದು ಮೋರಿ ಇದೆ. ಐವತ್ತು ಕಿಲೋದ ಆರು ಚೀಲ ಚೆರಿ ಹೇರಿಕೊಂಡು ಅದನ್ನು ದಾಟುವಾಗ ನಮ್ಮ 2008ರ ಟಾಟಾ ಸಫಾರಿಯ ಹಿಂಬದಿ ಪ್ರತಿ ಸಲವೂ ದಡ್ಡನೆ ಬಡಿಯುತ್ತಿತ್ತು. ಹಿಂದಿನ ಹೌಸಿಂಗ್, ಎಂದರೆ ಎರಡು ಹಿಂಚಕ್ರಗಳ ನಡುವಿನ ಅಚ್ಚಿನ ಕವಚ, ಮೇಲೆದ್ದು, ವಾಹನದ ಅಡಿಚೌಕಟ್ಟಾದ ಚಾಸಿಸ್‌ಗೆ ಹೊಂದಿಸಿದ ರಬ್ಬರ್ ಗುಬುಟಿಗೆ ತಾಗುವ ಸದ್ದು ಅದು. ಅಪ್ಪ ಹತ್ತು ವರ್ಷ ಅದನ್ನು ಕೇಳಿಸಿಕೊಂಡೇ ಓಡಿಸಿದರು. ವಾಹನದ ಜವಾಬ್ದಾರಿ ನನ್ನ ಕೈಗೆ ಬಂದ ಮೇಲೆ ಆ ಸದ್ದು ನನ್ನನ್ನು ಸುಮ್ಮನೆ ಬಿಡಲಿಲ್ಲ.

ಜಿಪ್ಸಿಗೋ ಹಳೆಯ ಮಹೀಂದ್ರಾ ಜೀಪಿಗೋ ಆಗಿದ್ದರೆ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಕಟ್ಟಿಗೆ ಇನ್ನೊಂದು ಪ್ಲೇಟು ಸೇರಿಸಿ ಕೆಲಸ ಮುಗಿಸಬಹುದಿತ್ತು. ಆದರೆ 1998ರಲ್ಲಿ ಮಾರುಕಟ್ಟೆಗೆ ಬಂದ ಸಫಾರಿಗೆ ಮೊದಲಿನಿಂದಲೂ ಹಿಂದೆ ಕಾಯಿಲ್ ಸ್ಪ್ರಿಂಗ್, ಎಂದರೆ ಸುರುಳಿ ಸುತ್ತಿದ ಸ್ಪ್ರಿಂಗ್. ಹಿಂದಿನ ಹೌಸಿಂಗ್ ಅನ್ನು ಐದು ಸರಳುಗಳು ಹಿಡಿದಿರುತ್ತವೆ. ನಾಲ್ಕು ಉದ್ದಕ್ಕೆ, ಒಂದು ಅಡ್ಡಕ್ಕೆ. ಈ ಅಡ್ಡ ಸರಳಿಗೆ ಪ್ಯಾನ್ಹಾರ್ಡ್ ರಾಡ್ ಎನ್ನುತ್ತಾರೆ. ಭಾರ ಹೊರುವ ಕೆಲಸ ಮಾತ್ರ ಸ್ಪ್ರಿಂಗಿನದು, ಹೌಸಿಂಗ್ ಅತ್ತಿತ್ತ ಸರಿಯದಂತೆ ಹಿಡಿಯುವ ಕೆಲಸ ಸರಳುಗಳದು. ಆದ್ದರಿಂದ ಕಾಯಿಲ್ ಸ್ಪ್ರಿಂಗಿನ ವಾಹನವನ್ನು ಎತ್ತರಿಸಬೇಕಾದರೆ ಸ್ಪ್ರಿಂಗನ್ನೇ ಬದಲಿಸುವುದು ನೇರ ದಾರಿ. ಸುರುಳಿಗಳ ನಡುವೆ ರಬ್ಬರ್ ತುಂಡು ತುರುಕುವ ಅಗ್ಗದ ದಾರಿಯೊಂದಿದೆ, ಆದರೆ ನನಗೆ ಅದರಲ್ಲಿ ನಂಬಿಕೆ ಇಲ್ಲ. ರಬ್ಬರ್ ಕೂತ ಕಡೆ ಸುರುಳಿ ಆಡುವುದು ನಿಂತು, ಉಳಿದ ಸುರುಳಿಗಳೇ ಎಲ್ಲ ಭಾರವನ್ನೂ ತಿನ್ನಬೇಕಾಗುತ್ತದೆ.

ಸ್ಪ್ರಿಂಗ್ ಕೊಳ್ಳುವ ಮೊದಲು ಯೋಚಿಸಬೇಕಾದ ವಿಷಯವೊಂದಿತ್ತು. ನನಗೆ ಬೇಕಾಗಿದ್ದದ್ದು ಎತ್ತರವೋ, ಬಿಗಿತವೋ? ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆ ಒಂದೇ ಇದ್ದರೆ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತದಷ್ಟು ಏರುತ್ತದೆ. ತಂತಿಯನ್ನು ನೂರಕ್ಕೆ ಹತ್ತರಷ್ಟು ದಪ್ಪ ಮಾಡಿದರೆ ಬಿಗಿತ ನೂರಕ್ಕೆ ನಲವತ್ತಾರರಷ್ಟು ಹೆಚ್ಚುತ್ತದೆ. ವರ್ಷದಲ್ಲಿ ಮೂರು ತಿಂಗಳು ಮಾತ್ರ ಚೀಲ ಹೊರುವ, ಉಳಿದ ದಿನಗಳಲ್ಲಿ ಅಪ್ಪ ಅಮ್ಮನನ್ನು ಆಸ್ಪತ್ರೆಗೂ ಮದುವೆಗೂ ಕರೆದೊಯ್ಯುವ ವಾಹನಕ್ಕೆ ಅಷ್ಟು ಬಿಗಿತ ಹಾಕಿದರೆ ಹಿಂದೆ ಕೂತವರ ಬೆನ್ನು ಉಳಿಯುವುದಿಲ್ಲ. ಹಾಗಾಗಿ ಬಿಗಿತ ಕಂಪನಿಯದಷ್ಟೇ ಇದ್ದು, ಉದ್ದ ಮಾತ್ರ 40 ಮಿಲಿಮೀಟರ್ ಹೆಚ್ಚಿರುವ ಜೋಡಿಯನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ ತರಿಸಿದೆ. ಅದರ ಜೊತೆಗೆ ಅಷ್ಟೇ ಉದ್ದ ಹೆಚ್ಚಿರುವ ಎರಡು ಶಾಕ್ ಅಬ್ಸಾರ್ಬರ್‌ಗಳೂ ಬಂದವು.

ದಸರಾ ಮುಗಿದ ವಾರ, ಮಳೆ ಹಿಂದೆ ಸರಿದು ಕಾಫಿ ಕೊಯ್ಲು ಇನ್ನೂ ಶುರುವಾಗದ ಬಿಡುವಿನಲ್ಲಿ ಕೆಲಸಕ್ಕೆ ಕೈ ಹಾಕಿದೆವು. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ವಾಹನಗಳನ್ನು ನೋಡಿಕೊಳ್ಳುತ್ತಿರುವ ಮೆಕ್ಯಾನಿಕ್ ಅಣ್ಣ ಬೆಳಿಗ್ಗೆ ಎಂಟಕ್ಕೇ ಬಂದರು. ಕಾಫಿ ಒಣಗಿಸುವ ಕಣದ ಸಿಮೆಂಟು ನೆಲಕ್ಕಿಂತ ಸಮತಟ್ಟಾದ ಜಾಗ ನಮ್ಮಲ್ಲಿ ಬೇರೆ ಇಲ್ಲವಾದ್ದರಿಂದ ವಾಹನವನ್ನು ಅಲ್ಲಿಗೇ ತಂದು ನಿಲ್ಲಿಸಿದ್ದೆ. ಅಪ್ಪ ಒಂದು ಕುರ್ಚಿ ಹಾಕಿಸಿಕೊಂಡು ನೆರಳಿನಲ್ಲಿ ಕೂತರು.

ಯಾವ ಬೋಲ್ಟನ್ನೂ ಮುಟ್ಟುವ ಮೊದಲು ಅಳತೆ ತೆಗೆದುಕೊಂಡೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಹಿಂದೆ ಬಲಗಡೆ ಎಡಗಡೆಗಿಂತ 5 ಮಿಲಿಮೀಟರ್ ಕೆಳಗಿತ್ತು. ಹೌಸಿಂಗ್‌ಗೂ ರಬ್ಬರ್ ಗುಬುಟಿಗೂ ನಡುವೆ ಎಡಗಡೆ 70, ಬಲಗಡೆ 64 ಮಿಲಿಮೀಟರ್ ಅಂತರವಿತ್ತು. ಆರು ಚೀಲ ಹೇರಿದರೆ ಹಿಂಬದಿ ಸುಮಾರು 50 ಮಿಲಿಮೀಟರ್ ಕುಸಿಯುತ್ತದೆ ಎಂದು ಹಿಂದಿನ ದಿನವೇ ಹೇರಿ ನೋಡಿದ್ದೆ. ಉಳಿಯುತ್ತಿದ್ದದ್ದು ಎರಡು ಬೆರಳಿನಷ್ಟೂ ಇಲ್ಲ. ಮೋರಿಯ ಮೇಲೆ ಬಡಿಯದೆ ಇನ್ನೇನು ಮಾಡೀತು?

ಮುಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಚಾಸಿಸ್‌ನ ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು, ಹೌಸಿಂಗ್‌ನ ಕೆಳಗೆ ಬೇರೆ ಜಾಕ್ ಕೊಟ್ಟೆವು. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಅವೆರಡಕ್ಕೇ ಒಂದು ಗಂಟೆ ಹೋಯಿತು. ಆಮೇಲೆ ಜಾಕ್ ಅನ್ನು ಇಷ್ಟಿಷ್ಟೇ ಇಳಿಸಿದಂತೆ ಹೌಸಿಂಗ್ ಕೆಳಗೆ ಬಂದು, ಸ್ಪ್ರಿಂಗ್ ತನ್ನ ಬಿಗುಹನ್ನೆಲ್ಲ ಕಳೆದುಕೊಂಡು ಕೈಯಲ್ಲೇ ಎತ್ತಿಕೊಳ್ಳುವ ಹಾಗಾಯಿತು. ಬಿಗುಹು ಉಳಿದಿರುವ ಸ್ಪ್ರಿಂಗಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ ಕೈ ಮುರಿದುಕೊಂಡವರನ್ನು ಅಣ್ಣ ಕಂಡಿದ್ದಾರಂತೆ. ಅವರು ಅವಸರ ಮಾಡಲಿಲ್ಲ, ನನಗೂ ಮಾಡಗೊಡಲಿಲ್ಲ.

ಹಳೆಯ ಮತ್ತು ಹೊಸ ಸ್ಪ್ರಿಂಗುಗಳನ್ನು ಕಣದ ನೆಲದ ಮೇಲೆ ಸಾಲಾಗಿ ನಿಲ್ಲಿಸಿದೆವು. ಹೊಸದಕ್ಕಿಂತ ಎಡಗಡೆಯದು 46, ಬಲಗಡೆಯದು 52 ಮಿಲಿಮೀಟರ್ ಗಿಡ್ಡವಾಗಿತ್ತು. 40 ಇರಬೇಕಾಗಿದ್ದ ವ್ಯತ್ಯಾಸ ಅದಕ್ಕಿಂತ ಹೆಚ್ಚಾಗಿದ್ದುದು ಇಷ್ಟು ವರ್ಷ ಭಾರ ಹೊತ್ತು ಉಕ್ಕು ಕುಗ್ಗಿದ್ದರ ಲೆಕ್ಕ. ಎಡಕ್ಕೆ 6, ಬಲಕ್ಕೆ 12. ಬಲಗಡೆ ಡ್ರೈವರ್ ಒಬ್ಬನೇ ಕೂತು ಓಡಿಸಿದ ದಿನಗಳೇ ಹೆಚ್ಚಲ್ಲವೇ. ಇಂಥ ಸ್ಪ್ರಿಂಗ್ ‘ಮೆತ್ತಗಾಗಿದೆ’ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಸರಿಯಲ್ಲ. ಉಕ್ಕಿನ ಗುಣವೂ ತಂತಿಯ ದಪ್ಪವೂ ಬದಲಾಗದಿರುವಾಗ ಬಿಗಿತ ಇದ್ದ ಹಾಗೆಯೇ ಇರುತ್ತದೆ, ಕಳೆದುಹೋಗುವುದು ಉದ್ದ ಮಾತ್ರ. ಕುರ್ಚಿಯಲ್ಲಿ ಕೂತೇ ಇದನ್ನು ಕೇಳಿಸಿಕೊಂಡ ಅಪ್ಪ ಎದ್ದು ಬಂದು, ಬಲಗಡೆಯ ಹಳೆಯ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

ಹೊಸ ಸ್ಪ್ರಿಂಗ್ ಕೂರಿಸಲು ಹೌಸಿಂಗ್ ಇನ್ನೂ ಕೆಳಗೆ ಇಳಿಯಬೇಕಿತ್ತು. ಪ್ಯಾನ್ಹಾರ್ಡ್ ರಾಡಿನ ಒಂದು ತುದಿ ಬಿಚ್ಚಿ ಜಾಕ್ ಇಳಿಸತೊಡಗಿದಾಗ ಕೆಳಗೆ ಮಲಗಿದ್ದ ಅಣ್ಣ ಕೂಗಿದರು: “ನಿಲ್ಸಿ ಸಾರ್, ನಿಲ್ಸಿ. ಬ್ರೇಕ್ ಪೈಪ್ ನೋಡಿ.”

ನಾನೂ ತಲೆ ಹಾಕಿ ನೋಡಿದೆ. ಚಾಸಿಸ್‌ನಿಂದ ಹೌಸಿಂಗ್‌ಗೆ ಬರುವ ರಬ್ಬರಿನ ಬ್ರೇಕ್ ಹೋಸು, ಯಾವಾಗಲೂ ಸಡಿಲವಾಗಿ ಬಾಗಿರುವಂಥದ್ದು, ತಂಬೂರಿಯ ತಂತಿಯಂತೆ ಸೆಟೆದು ನಿಂತಿತ್ತು. ಬೆರಳಿನಿಂದ ಒತ್ತಿದರೆ ಜಗ್ಗುತ್ತಿರಲಿಲ್ಲ. ಮೇಲಿನ ತುದಿಯ ಲೋಹದ ಬಾಯಿಯ ಪಕ್ಕ, ರಬ್ಬರ್ ಎಳೆತಕ್ಕೆ ಬಾಯಿಬಿಟ್ಟು ಕೂದಲೆಳೆಯಂಥ ಬಿರುಕುಗಳು ಕಾಣುತ್ತಿದ್ದವು. ಹಳೆಯ ಶಾಕ್ ಅಬ್ಸಾರ್ಬರ್ ಇದ್ದಾಗ ಹೌಸಿಂಗ್ ಇಷ್ಟು ಕೆಳಗೆ ಇಳಿಯುವುದಕ್ಕೆ ಅದೇ ಬಿಡುತ್ತಿರಲಿಲ್ಲ. ಉದ್ದದ ಶಾಕ್ ಹಾಕಿದ ಮೇಲೆ, ಒಂದು ಚಕ್ರ ಹೊಂಡಕ್ಕೆ ಇಳಿದು ನೇತಾಡುವಾಗ ಅದನ್ನು ತಡೆದು ಹಿಡಿಯುವುದು ಈ ಹೋಸೇ ಆಗಿರುತ್ತಿತ್ತು. ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ಅದು ಕಿತ್ತಿದ್ದರೆ ಎಂಬ ಯೋಚನೆ ಬಂದು ನನಗೆ ಕೆಲಸ ಮುಂದುವರಿಸುವ ಮನಸ್ಸೇ ಆಗಲಿಲ್ಲ.

ಸ್ಪ್ರಿಂಗ್ ಮತ್ತು ಶಾಕ್‌ಗಳ ಲೆಕ್ಕ ಹಾಕಿದ್ದ ನಾನು ಹೋಸಿನ ಲೆಕ್ಕ ಹಾಕಿರಲಿಲ್ಲ. ತಪ್ಪು ನನ್ನದೇ. ಚಿಕ್ಕಮಗಳೂರಿಗೆ ಫೋನು ಮಾಡಿದರೆ ಸಿಗಲಿಲ್ಲ. ಕೊನೆಗೆ ಬೆಂಗಳೂರಿನಿಂದಲೇ ಉದ್ದದ ಹೋಸು ರಾತ್ರಿ ಬಸ್ಸಿನಲ್ಲಿ ಬಂತು. ಅಲ್ಲಿಯವರೆಗೆ ವಾಹನ ಸ್ಟ್ಯಾಂಡಿನ ಮೇಲೆಯೇ, ಚಕ್ರಗಳಿಲ್ಲದೆ, ಟಾರ್ಪಾಲು ಹೊದ್ದುಕೊಂಡು ಇತ್ತು. ಈ ಬಿಡುವಿನಲ್ಲಿ ಹೌಸಿಂಗ್‌ನ ಉಸಿರು ಕೊಳವೆಯನ್ನೂ, ಎಂದರೆ ಒಳಗಿನ ಗಾಳಿ ಹೊರಹೋಗುವ ಕೊಳವೆಯನ್ನೂ, ಹೀಗೆಯೇ ಸೆಟೆಯುತ್ತದೆಯೇ ಎಂದು ಪರೀಕ್ಷಿಸಿದೆವು. ಅದರಲ್ಲಿ ಸಾಕಷ್ಟು ಸಡಿಲವಿತ್ತು.

ಮಾರನೆಯ ದಿನ ಜೋಡಣೆ ಬೇಗ ಮುಗಿಯಿತು. ಹೋಸು ಬದಲಿಸಿ, ಬ್ರೇಕ್ ಎಣ್ಣೆಯಲ್ಲಿ ಸೇರಿದ್ದ ಗಾಳಿ ತೆಗೆದು, ಸ್ಪ್ರಿಂಗಿನ ತುದಿ ಅದು ಕೂರುವ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯೇ ಎಂದು ಕೈ ಆಡಿಸಿ ನೋಡಿ, ಎಲ್ಲ ಬಿಗಿದು ಇಳಿಸಿದಾಗ ಹಿಂಬದಿ 60 ಮಿಲಿಮೀಟರ್ ಎದ್ದಿತ್ತು. ಲೆಕ್ಕಕ್ಕಿಂತ ಹೆಚ್ಚು. ನನಗೆ ಗಾಬರಿಯಾಯಿತು. ಅಣ್ಣ ಮಾತ್ರ ಹಣೆ ಒರೆಸಿಕೊಂಡು ಮತ್ತೆ ಕೆಳಗೆ ಮಲಗಿದರು. ಐದೂ ಸರಳುಗಳ ತುದಿಯಲ್ಲಿ ಬೋಲ್ಟು ಹಾಯುವ ರಬ್ಬರ್ ಬುಷ್‌ಗಳಿವೆ, ಅವುಗಳಲ್ಲಿ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಹೊಸ ಸ್ಪ್ರಿಂಗ್ ಕೂರಿಸಲು ಉದ್ದದ ಸರಳುಗಳ ಬೋಲ್ಟುಗಳನ್ನೂ ಸಡಿಲಿಸಿದ್ದೆವು, ಮತ್ತು ಹೌಸಿಂಗ್ ನೇತಾಡುತ್ತಿರುವಾಗಲೇ ಅವನ್ನು ಬಿಗಿದುಬಿಟ್ಟಿದ್ದೆವು. ಅದೇ ನಿಲುವನ್ನು ಹಿಡಿದ ರಬ್ಬರ್, ವಾಹನ ನೆಲಕ್ಕೆ ಬಂದ ಮೇಲೆ ತಿರುಚಿಕೊಂಡು, ಇನ್ನೊಂದು ಸ್ಪ್ರಿಂಗಿನಂತೆ ಅದನ್ನು ಮೇಲಕ್ಕೆ ನೂಕುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಒಂದೇ ಮಳೆಗಾಲದಲ್ಲಿ ಬುಷ್‌ಗಳು ಹರಿದುಹೋಗುತ್ತಿದ್ದವು. ವಾಹನ ತನ್ನ ಭಾರದ ಮೇಲೆ ನಿಂತಿರುವಾಗಲೇ ಬೋಲ್ಟುಗಳನ್ನು ಸಡಿಲಿಸಿ, ಹಿಂಬದಿಯನ್ನು ನಾಲ್ಕು ಸಲ ಒತ್ತಿ ಕುಲುಕಿ, ಮತ್ತೆ ಬಿಗಿದೆವು. ಆಗ ಎಡಕ್ಕೆ 46, ಬಲಕ್ಕೆ 51 ಬಂತು. ಎರಡೂ ಬದಿ ಒಂದೇ ಮಟ್ಟ.

ಪ್ಯಾನ್ಹಾರ್ಡ್ ರಾಡ್ ಈಗ ಮೊದಲಿಗಿಂತ ಓರೆಯಾಗಿ ನಿಂತಿದ್ದರಿಂದ ಹೌಸಿಂಗ್ ಅನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಎರಡೂ ಮಡ್‌ಗಾರ್ಡಿನಿಂದ ತೂಗುಗುಂಡು ಇಳಿಬಿಟ್ಟು ಅಳೆದಾಗ ಒಂದು ಕಡೆಗೂ ಇನ್ನೊಂದು ಕಡೆಗೂ 8 ಮಿಲಿಮೀಟರ್ ವ್ಯತ್ಯಾಸ, ಎಂದರೆ ಹೌಸಿಂಗ್ ಸರಿದದ್ದು 4. ಅದನ್ನು ಹಾಗೆಯೇ ಬಿಟ್ಟೆ.

ಬಿಡಲಾಗದಿದ್ದದ್ದು ಬ್ರೇಕಿನ ವಾಲ್ವು. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲದ ನಮ್ಮ ವಾಹನದಲ್ಲಿ, ಚಾಸಿಸ್‌ಗೂ ಹೌಸಿಂಗ್‌ಗೂ ನಡುವೆ ಒಂದು ಸಣ್ಣ ಸರಳಿನಿಂದ ಆಡುವ ವಾಲ್ವು ಇದೆ. ಹಿಂಬದಿ ಕುಸಿದಿದ್ದರೆ ಭಾರವಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಎದ್ದಿದ್ದರೆ ಖಾಲಿ ಎಂದು ತಿಳಿದು ಕಡಿಮೆ ಬಿಡುತ್ತದೆ. ಸ್ಪ್ರಿಂಗ್ ಉದ್ದವಾದ ಸುದ್ದಿ ಅದಕ್ಕೆ ಯಾರು ಹೇಳಬೇಕು? ಆರು ಚೀಲ ಹೇರಿದ್ದರೂ ವಾಹನ ಖಾಲಿಯಿದೆ ಎಂದುಕೊಂಡು ಅದು ಹಿಂದಿನ ಬ್ರೇಕನ್ನು ತಡೆಹಿಡಿಯುತ್ತಿತ್ತು. ಸರಳಿನ ಕೆಳತುದಿಗೆ ಎತ್ತರದಷ್ಟೇ ಉದ್ದದ ಗಟ್ಟಿ ತಗಡಿನ ತುಂಡು ಕೊಟ್ಟು, ವಾಲ್ವಿನ ಕೈ ಮೊದಲಿದ್ದ ಕೋನಕ್ಕೇ ಬರುವಂತೆ ಮಾಡಿದೆವು. ಖಾಲಿ ಇದ್ದಾಗ ಒಮ್ಮೆ, ಚೀಲ ಹೇರಿ ಒಮ್ಮೆ ತೋಟದ ಮಣ್ಣುರಸ್ತೆಯಲ್ಲಿ ಬ್ರೇಕ್ ಹಾಕಿ ಗಾಲಿಗಳ ಗುರುತು ನೋಡಿದೆವು. ಹೆಡ್‌ಲೈಟು ತಿದ್ದಿದ್ದು ಅದೇ ಸಂಜೆ. 2650 ಮಿಲಿಮೀಟರ್ ಗಾಲಿಯಂತರದ ವಾಹನದ ಹಿಂಬದಿ ಇಷ್ಟು ಎದ್ದರೆ ಹತ್ತು ಮೀಟರ್ ದೂರದಲ್ಲಿ ಬೆಳಕು ಹದಿನೆಂಟು ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಕಣದ ಗೋಡೆಗೆ ಬೆಳಕು ಬಿಟ್ಟು ಹಳೆಯ ಗೆರೆಗೆ ತಂದೆವು.

ಜನವರಿಯಲ್ಲಿ ಮತ್ತೆ ಅಳೆದಾಗ ಸ್ಪ್ರಿಂಗುಗಳು ಎರಡೂ ಕಡೆ 4 ಮಿಲಿಮೀಟರ್ ಕೂತಿದ್ದವು. ಅಷ್ಟು ಹೊತ್ತಿಗೆ ಕೊಯ್ಲು ಜೋರಾಗಿತ್ತು. ಆರು ಚೀಲ ಹೇರಿಕೊಂಡು ಮೋರಿ ದಾಟುವಾಗ ಪಕ್ಕದಲ್ಲಿ ಅಪ್ಪ ಇದ್ದರು. ಹಳೆಯ ಅಭ್ಯಾಸದಿಂದ ಬಾಗಿಲಿನ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಗಾಡಿ ಮೋರಿ ದಾಟಿ ಗೇಟಿನ ಆಚೆ ಬಂದ ಮೇಲೆಯೇ ಅವರು ಕೈ ಬಿಟ್ಟದ್ದು.