ಆರು ದಿನ ಹೆಚ್ಚಾಯಿತು

“ಮೂವತ್ತಾರು ದಿನ ಅಷ್ಟೇ ಸಾರ್.”

ಬುಧವಾರ ಕೇಳಿದ ಮಾತು, ಇನ್ನೂ ಕಿವಿಯಲ್ಲಿದೆ. ಹೇಳಿದವರು ಬಹಳ ವರ್ಷಗಳಿಂದ ಮೈಸೂರಿನಲ್ಲಿರುವ ವಿದೇಶಿ ಮಹಿಳೆ. ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಮೂರು ಪಾಸ್‌ಪೋರ್ಟ್, ಹಳೆಯ ಎರಡರ ಮೂಲೆ ಕತ್ತರಿಸಿತ್ತು. ತಾಯಿ ತೀರಿಕೊಂಡಾಗ ಊರಿಗೆ ಹೋಗಿ, ಆ ಮೂವತ್ತಾರು ದಿನ ಅಲ್ಲಿದ್ದು, ಐದು ತಿಂಗಳ ಹಿಂದೆ ವಾಪಸಾಗಿದ್ದಾರೆ. ಈಗ ಭಾರತದ ಪೌರತ್ವಕ್ಕೆ ಅರ್ಜಿ ಹಾಕಬೇಕು.

ಜೊತೆಗೆ ಬಂದಿದ್ದ, ಅವರ ಬಾಡಿಗೆ ಮನೆಯ ಯಜಮಾನರಿಗೆ ಎಲ್ಲವೂ ಗೊತ್ತು. “ಹನ್ನೆರಡು ವರ್ಷ ಆದ್ರೆ ಕೊಡಲೇಬೇಕು. ಈಗಂತೂ ಐದೇ ವರ್ಷ ಸಾಕಂತೆ. ಇಲ್ಲೇ ಯಾರನ್ನಾದ್ರೂ ಮದುವೆ ಆಗಿದ್ರೆ ಇದ್ಯಾವ ತಾಪತ್ರಯವೂ ಇರ್ತಿರ್ಲಿಲ್ಲ ನೋಡಮ್ಮ.” ಮನುಷ್ಯ ಒಳ್ಳೆಯವರೇ, ಹೇಳಿದ ಮೂರೂ ಮಾತು ಮಾತ್ರ ತಪ್ಪು. ಐದು ವರ್ಷದ ರಿಯಾಯಿತಿ ಪೌರತ್ವ ಕಾಯ್ದೆಗೆ ಬಂದ 2019ರ ತಿದ್ದುಪಡಿಯದ್ದು. ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಭಾರತೀಯರನ್ನು ಮದುವೆಯಾದವರದ್ದು ಅದೇ ಕಾಯ್ದೆಯ 5ನೇ ಸೆಕ್ಷನ್ನಿನ ನೋಂದಣಿ, ಅಲ್ಲೂ 7 ವರ್ಷದ ವಾಸ ಬೇಕೇ ಬೇಕು.

ಇನ್ನು ಆ 12 ವರ್ಷ. 1955ರ ಪೌರತ್ವ ಕಾಯ್ದೆಯ 6ನೇ ಸೆಕ್ಷನ್, ಅದರ ಹಿಂದಿರುವ ಮೂರನೇ ಅನುಸೂಚಿ ಓದಿದರೆ ಅಲ್ಲಿರುವುದು ಒಂದಲ್ಲ, ಎರಡು ಲೆಕ್ಕ. ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ 12 ತಿಂಗಳು ಒಂದೇ ಸಮನೆ ಇಲ್ಲೇ ಇದ್ದಿರಬೇಕು. ಅದಕ್ಕೂ ಹಿಂದಿನ 14 ವರ್ಷಗಳಲ್ಲಿ, ಬಿಟ್ಟು ಬಿಟ್ಟು ಇದ್ದರೂ ಸರಿ, ಒಟ್ಟು 11 ವರ್ಷ ತುಂಬಬೇಕು. 2003ರ ತಿದ್ದುಪಡಿಗೆ ಮುಂಚೆ ಇದು 12ರಲ್ಲಿ 9 ಇತ್ತು. ಎರಡನೆಯ ಲೆಕ್ಕ ಹೇಗೋ ಕೂಡಿಬರುತ್ತದೆ, ಜನ ಎಡವುವುದು ಮೊದಲನೆಯದರಲ್ಲಿ. ವಿಶೇಷ ಕಾರಣವಿದ್ದರೆ ಕೇಂದ್ರ ಸರ್ಕಾರ ಅದನ್ನು ಲಿಖಿತವಾಗಿ ದಾಖಲಿಸಿ ಆ 12 ತಿಂಗಳಲ್ಲಿ ವಿನಾಯಿತಿ ಕೊಡಬಹುದು. ಬೇರೆ ಬೇರೆ ಸಲ ಹೋಗಿದ್ದರೂ ಎಲ್ಲ ಸೇರಿ ಹೆಚ್ಚೆಂದರೆ 30 ದಿನ. ತಾಯಿಯ ಸಾವಿಗಿಂತ ವಿಶೇಷ ಕಾರಣ ಇನ್ನೇನಿದೆ? ಆದರೂ 36ರಲ್ಲಿ 30 ಕಳೆದರೆ 6 ಉಳಿಯುತ್ತದೆ. ಆ ಆರನ್ನು ಹಾಕಲು ಕಾಯ್ದೆಯಲ್ಲಿ ಜಾಗವಿಲ್ಲ.

“ಹಾಗಾದ್ರೆ ಇನ್ನೂ ಏಳು ತಿಂಗಳು ಕಾಯ್ತೀನಿ ಬಿಡಿ” ಅಂದರು. ಕಾಯಬಹುದು, ವಾಪಸಾಗಿ 12 ತಿಂಗಳು ತುಂಬುತ್ತದೆ. ಆದರೆ ಅರ್ಜಿಯ ತಾರೀಖು 7 ತಿಂಗಳು ಮುಂದೆ ಹೋದರೆ 14 ವರ್ಷದ ಕಿಟಕಿಯೂ ಅಷ್ಟೇ ಮುಂದಕ್ಕೆ ಸರಿಯುತ್ತದೆ. ಆ ತುದಿಯಲ್ಲಿ ಇವರು ಇಲ್ಲೇ ಇದ್ದ 7 ತಿಂಗಳು ಉದುರಿಹೋಗುತ್ತವೆ. ಈ ತುದಿಯಲ್ಲಿ 7 ತಿಂಗಳು ಸೇರುತ್ತವೆ, ಆದರೆ ಅವುಗಳೊಳಗೇ ಆ 36 ದಿನ ಕೂತಿದೆ. ಇವತ್ತಿನ ಎಣಿಕೆಗೆ 11 ವರ್ಷದ ಮೇಲೆ 60 ದಿನ ಇತ್ತು, ಆಗ ಉಳಿಯುವುದು 24. ಮೊಹರು ಮಾಸಿದ ಒಂದು ಹಾಳೆ ಸಾಕು, ಅಷ್ಟೂ ಕೈಬಿಡಲು. ಹಳೆಯ ಪಾಸ್‌ಪೋರ್ಟ್‌ಗಳನ್ನು ಎಸೆಯಬೇಡಿ ಎಂದು ಬಡಿದುಕೊಳ್ಳುವುದು ಇದಕ್ಕೇ. ವೀಸಾ ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಖಾಲಿ ದಿನಗಳಿದ್ದರಂತೂ ಅದು ಇನ್ನೊಂದೇ ರಗಳೆ.

ಇಷ್ಟೆಲ್ಲಾ ಎಣಿಸುವ ಅದೇ ಅನುಸೂಚಿ ‘ಒಳ್ಳೆಯ ನಡತೆ’ ಎಂದೂ ಕೇಳುತ್ತದೆ, ‘ಇಲ್ಲೇ ವಾಸಿಸುವ ಉದ್ದೇಶ’ ಎಂದೂ ಕೇಳುತ್ತದೆ. ಇವಕ್ಕೆ ಅಳತೆಗೋಲಿಲ್ಲ. ನಡತೆಗೆ ಇಬ್ಬರು ಭಾರತೀಯರ ಅಫಿಡವಿಟ್ ನಡೆಯುತ್ತದೆ. ಮನುಷ್ಯ ಎಂಥವನು ಎಂಬ ವಿಷಯದಲ್ಲಿ ನೆರೆಯವರನ್ನು ನಂಬುವ ಕಾಯ್ದೆ, ಎಷ್ಟು ದಿನ ಇದ್ದ ಎಂಬುದಕ್ಕೆ ಮೊಹರನ್ನೇ ನೋಡುತ್ತದೆ. ಸಿಟ್ಟು ಬರುತ್ತದೆ ನಿಜ. ಆದರೆ ಅಳತೆಯೇ ಇಲ್ಲದೆ ಎಲ್ಲವನ್ನೂ ಅಧಿಕಾರಿಯ ಮರ್ಜಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದುಕೊಂಡರೆ, ಆ ಮೊಹರೇ ವಾಸಿ.

ಹೋಗುವ ಮುಂಚೆ ಇನ್ನೊಂದು ಕಾಗದ ಹೊರಬಂತು. ತಮ್ಮ ದೇಶದ ಪೌರತ್ವ ಬಿಡುವ ಫಾರಂ, ಆಗಲೇ ತುಂಬಿಟ್ಟಿದ್ದರು! ಇದು ನಿಜಕ್ಕೂ ಗಾಬರಿಯ ಸಂಗತಿ. ಅರ್ಜಿಯಲ್ಲಿ ಕೊಡಬೇಕಾದದ್ದು, ಒಪ್ಪಿಗೆ ಸಿಕ್ಕರೆ ಆ ಪೌರತ್ವ ಬಿಡುತ್ತೇನೆ ಎಂಬ ಮುಚ್ಚಳಿಕೆ ಮಾತ್ರ. ಜಿಲ್ಲಾಧಿಕಾರಿ, ರಾಜ್ಯ ಸರ್ಕಾರ ದಾಟಿ ಗೃಹ ಸಚಿವಾಲಯದಿಂದ ಒಪ್ಪಿಗೆ ಪತ್ರ ಬಂದ ಮೇಲೆ ಬಿಡಬೇಕು, ಬಿಟ್ಟ ದಾಖಲೆ ಕೊಡಬೇಕು, ಆಮೇಲೆ ಪ್ರಮಾಣಪತ್ರ. ಮೊದಲೇ ಬಿಟ್ಟು ಇಲ್ಲಿ ಅರ್ಜಿ ಬಿದ್ದುಹೋದರೆ ಯಾವ ದೇಶದವರೂ ಅಲ್ಲ. ಫಾರಂ ಚೀಲಕ್ಕೆ ವಾಪಸ್ ಹೋಯಿತು.

ಅವರ ದೊಡ್ಡ ಭಯ ಇದ್ದದ್ದು ಭಾಷೆಯದು. ಹಿಂದಿ ಬರಲೇಬೇಕು ಎಂದು ಯಾರೋ ಹೆದರಿಸಿದ್ದರಂತೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೂ ಒಂದು ಸಾಕು, ಕನ್ನಡವೂ ಅದರಲ್ಲಿದೆ. ಯಜಮಾನರು ಭಾಷೆಯ ಪ್ರಮಾಣಪತ್ರವನ್ನು ಕೈಯಾರೆ ಬರೆದು ತಂದಿದ್ದರು: “ಇವರ ಕನ್ನಡ ನನ್ನ ಸೊಸೆಯ ಕನ್ನಡಕ್ಕಿಂತ ಚೆನ್ನಾಗಿದೆ.” ಸೊಸೆಯನ್ನು ತೆಗೆದು ಇನ್ನೊಂದು ಬರೆದುಕೊಡಿ ಎಂದು ಕೇಳಬೇಕಾಯಿತು.