ತೊಳೆದ ಮೇಲಿನ ಹತ್ತು ನಿಮಿಷ

11 ಆಗಸ್ಟ್ 2024, ಭಾನುವಾರ

ಎದ್ದವನೇ ಮುಖ ಕೂಡ ತೊಳೆಯದೆ ಹಿತ್ತಿಲಿನ ಬಕೆಟ್ ಬಳಿಗೆ ಹೋದೆ. ತುಕ್ಕು ಬಿಡಿಸಲೆಂದು ರಾತ್ರಿ ಒಂಬತ್ತಕ್ಕೆ ವಿನೆಗರ್‌ನಲ್ಲಿ ಮುಳುಗಿಸಿಟ್ಟಿದ್ದು ಒಂದು ಇಕ್ಕಳ, ಮೂರು ಸ್ಪ್ಯಾನರ್, ಹಳೆಯ ಬಾಗಿಲಿನ ಎರಡು ಕೀಲು, ಹಿಡಿಯಷ್ಟು ಬೋಲ್ಟು. ನೀರು ಸೋರುವ ಮೂಲೆಯಲ್ಲಿ ಉಪಕರಣಗಳ ಪೆಟ್ಟಿಗೆಯಿಟ್ಟು ಮರೆತವನು ನಾನೇ. ಬೈಯೋಣವೆಂದರೆ ಬೇರೆ ಯಾರೂ ಸಿಗಲಿಲ್ಲ.

ವಿನೆಗರ್ ಕಂದು ಬಣ್ಣಕ್ಕೆ ತಿರುಗಿತ್ತು. ಇಕ್ಕಳವನ್ನು ಎತ್ತಿದರೆ ಮೈಯೆಲ್ಲ ಮಸಿ ಬಳಿದಂತೆ ಕಪ್ಪು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾ ಹೋದಂತೆ ಮಸಿ ಬಿಟ್ಟುಕೊಂಡು ಬೂದು ಬಣ್ಣದ ಉಕ್ಕು ಕಾಣಿಸಿತು. ಹಿಡಿಯ ಮೇಲೆ ಅಂಕಿಗಳನ್ನು ಕೊರೆದಿದ್ದಾರೆಂದು ಇಷ್ಟು ವರ್ಷ ನನಗೆ ತಿಳಿದೇ ಇರಲಿಲ್ಲ. ಬಾಯಿಯ ಹತ್ತಿರ ಮಾತ್ರ ಸಿಡುಬಿನ ಕಲೆಯಂಥ ಗುಳಿಗಳು. ತುಕ್ಕು ತಿಂದ ಕಬ್ಬಿಣವನ್ನು ಯಾವ ಆಮ್ಲವೂ ಮರಳಿ ಕೊಡುವುದಿಲ್ಲ.

ಹೋದ ತಿಂಗಳು ಇಷ್ಟೇ ಚೆನ್ನಾಗಿ ತುಕ್ಕು ತೆಗೆದು, ತೊಳೆದು, ಬಟ್ಟೆಯ ಮೇಲೆ ಹರವಿ ಫೋನ್ ಬಂತೆಂದು ಒಳಗೆ ಹೋಗಿದ್ದೆ. ಮಾತು ಮುಗಿಸಿ ಬರುವಷ್ಟರಲ್ಲಿ ಸ್ಪ್ಯಾನರ್‌ಗಳ ಮೇಲೆ ತೆಳುವಾದ ಕಿತ್ತಳೆ ಬಣ್ಣದ ಪೊರೆ! ಆಗಷ್ಟೇ ಬೆತ್ತಲಾದ ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕಿದ್ದವು. ಜೊತೆಗೆ ಉಳಿದ ಆಮ್ಲವೂ ಇತ್ತು. ಅದಕ್ಕೇ ಇಂದು ಫೋನನ್ನು ಒಳಗೇ ಬಿಟ್ಟೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಎಲ್ಲವನ್ನೂ ಅದರಲ್ಲಿ ಅದ್ದಿದೆ. ಕೀಲಿನ ಸಂದಿನಿಂದ ಸಣ್ಣ ಗುಳ್ಳೆಗಳು ಎದ್ದವು; ಅಲ್ಲಿ ವಿನೆಗರ್ ಅಡಗಿತ್ತೆಂದು ಅರ್ಥ. ಗುಳ್ಳೆ ನಿಂತ ಮೇಲೆ ಶುದ್ಧ ನೀರು, ಒಣ ಬಟ್ಟೆ, ಆಮೇಲೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ. ಲೋಹ ಇನ್ನೂ ಬೆಚ್ಚಗಿರುವಾಗಲೇ ಯಂತ್ರದ ಎಣ್ಣೆ ಸವರಿದೆ. ಅಡುಗೆ ಎಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಅಂಟಾಗಿ ಕೀಲು ಬಿಗಿಯುತ್ತದೆ. ಅದನ್ನೂ ಹಿಂದೆ ಮಾಡಿ ನೋಡಿದವನು ನಾನು.

ರಾತ್ರಿ ಹಾಕಿದ ಕ್ಷಣದಿಂದಲೇ ಎರಡು ಬೋಲ್ಟುಗಳು ಬುಸುಗುಡುತ್ತಿದ್ದವು. ಬೆಳಿಗ್ಗೆ ನೋಡಿದರೆ ಅವುಗಳ ಹೊಳಪೆಲ್ಲ ಮಾಯ. ಅವು ಸತುವಿನ ಲೇಪದವು. ಕಬ್ಬಿಣದ ಬದಲು ತಾನು ಸವೆದು ಅದನ್ನು ಕಾಯಬೇಕಿದ್ದ ಸತುವನ್ನು ನಾನೇ ಕರಗಿಸಿಬಿಟ್ಟಿದ್ದೆ. ಮೊದಲೇ ಬೇರೆ ಮಾಡಿಡದ ಸೋಮಾರಿತನದ ಫಲ. ಅದೃಷ್ಟಕ್ಕೆ ಪೆಟ್ಟಿಗೆಯಲ್ಲಿದ್ದ ಸ್ಪ್ರಿಂಗನ್ನು ಬಕೆಟ್ಟಿಗೆ ಹಾಕಿರಲಿಲ್ಲ. ಗಡಸು ಉಕ್ಕು ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ, ಮುಂದೆಂದೋ ಟಪ್ಪನೆ ಮುರಿಯಬಹುದು. ಅದಕ್ಕೆ ತಂತಿ ಬ್ರಷ್ಷೇ ಸರಿ.

ಉಳಿದಿದ್ದು ಒಂದೇ ಬೋಲ್ಟು, ನಟ್ಟಿನೊಡನೆ ಒಂದಾಗಿ ಕುಳಿತದ್ದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ತಿರುಪಿನ ಎಳೆಗಳ ನಡುವೆ ಅಷ್ಟೊಂದು ಬಿಗಿತ. ತೆಳು ಎಣ್ಣೆ ಬಿಟ್ಟು, ಸುತ್ತಿಗೆಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಿ, ಮೊದಲು ಸ್ವಲ್ಪ ಬಿಗಿಸಿ ಆಮೇಲೆ ಸಡಿಲಿಸಲು ನೋಡಿದೆ. ಕೂದಲೆಳೆಯಷ್ಟು ಅಲುಗಿತು, ಮತ್ತೆ ನಿಂತಿತು. ಇನ್ನೊಂದು ರಾತ್ರಿ ಎಣ್ಣೆಯಲ್ಲಿ ಇರಲಿ. ಪೆಟ್ಟಿಗೆಯನ್ನು ಆ ಮೂಲೆಯಿಂದ ಎತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.