ಒಂದು ಅಯಸ್ಕಾಂತ ಕಡಿಮೆ

ದೀಪಾವಳಿ ಮುಗಿದ ವಾರ ವಾಟ್ಸಾಪ್‌ನಲ್ಲಿ ಸುದ್ದಿ ಬಂತು. ಫ್ಯೂಜ್ ಸರ್ ಹೋದರು. ಅವರ ನಿಜವಾದ ಹೆಸರು ನೆನಪಾಗಲು ನಮ್ಮಲ್ಲಿ ಅರ್ಧ ಜನಕ್ಕೆ ಹೊತ್ತು ಹಿಡಿಯಿತು. ಫಿಜಿಕ್ಸ್ ಲ್ಯಾಬಿನಲ್ಲಿ ಫ್ಯೂಜ್ ಹಾರಿದರೆ ಅವರು ಯಾರಿಗೂ ಕಾಯುತ್ತಿರಲಿಲ್ಲ. ಧೋತರದ ಚುಂಗು ಸಿಕ್ಕಿಸಿ ತಾವೇ ಸ್ಟೂಲ್ ಹತ್ತಿ ತಂತಿ ಕಟ್ಟುತ್ತಿದ್ದರು.

1996ರಿಂದ 99ರವರೆಗೆ ಧಾರವಾಡದಲ್ಲಿ ಏನು ಓದಿದೆ ಅಂತ ಕೇಳಿದರೆ ಹೇಳಲಾರೆ. ಒಂದು ಪ್ರಯೋಗ ಮಾತ್ರ ನೆನಪಿದೆ. ಸೋನೋಮೀಟರಿನ ಬಿಗಿದ ತಂತಿಯಲ್ಲಿ ಎಸಿ ಕರೆಂಟು ಹರಿಸಬೇಕು. ನಡುವೆ ಲಾಳದ ಆಕಾರದ ಅಯಸ್ಕಾಂತ. ತಂತಿ ನಡುಗಿ, ಮೇಲೆ ಕೂಡಿಸಿದ ಕಾಗದದ ಚೂರು ಹಾರಿ ಬೀಳುತ್ತದೆ. ಆಗ ತಂತಿಯ ಉದ್ದ ಅಳೆದು ಲೆಕ್ಕ ಹಾಕಿದರೆ ಉತ್ತರ 50 ಬರಬೇಕು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದಲ್ವಾ, ಅದು. ನನಗೆ ಒಮ್ಮೆಯೂ 50 ಬರಲಿಲ್ಲ. 46 ಬಂತು, ಒಮ್ಮೆ 61.

ಆದರೂ ನೆನಪಿರುವುದು ಯಾಕೆಂದರೆ, ಆ ಅಯಸ್ಕಾಂತ ಕದ್ದವನು ನಾನೇ.

ನಾವು ನಾಲ್ವರು ಸಪ್ತಾಪುರದ ಒಂದು ಕೋಣೆಯಲ್ಲಿ ರಾಕ್ ಬ್ಯಾಂಡ್ ಕಟ್ಟಿದ್ದೆವು. ಹೆಸರು ನಾಲ್ಕು ಸಲ ಬದಲಾಯಿತು. ಡ್ರಮ್ಮಿನವ ಗದಗಿನ ಹುಡುಗ, ಚಿಕ್ಕಂದಿನಲ್ಲಿ ತಬಲಾ ಕಲಿತವನು. ಬೇರೆ ಬ್ಯಾಂಡಿನವರು ಒನ್ ಟೂ ತ್ರೀ ಅಂತ ಶುರು ಮಾಡಿದರೆ ಇವನು ಹಲ್ಲಿನೊಳಗೇ ಧಾ ಧಿಂ ಧಿಂ ಧಾ ಅನ್ನುತ್ತಿದ್ದ. ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡು ಆಗ ನಾಲ್ಕೇ ವರ್ಷ. ಅತ್ತ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು ಇದ್ದರು. ಚಹಾ ಅಂಗಡಿಯವನೂ ಬೇಸೂರು ಹಿಡಿಯುವ ಊರು. ಅಲ್ಲಿ ರಾಕ್ ಬಾರಿಸೋದು ಅಂದರೆ ಮಠದ ಮುಂದೆ ಆಮ್ಲೆಟ್ ಗಾಡಿ ಹಚ್ಚಿದ ಹಾಗೆ.

ಎಲೆಕ್ಟ್ರಿಕ್ ಗಿಟಾರಿಗೆ ದುಡ್ಡಿರಲಿಲ್ಲ. ಇದ್ದ ಗಿಟಾರಿಗೆ ಉಕ್ಕಿನ ತಂತಿ ಹಾಕಿ, ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಕಾಯಿಲ್ ಇಟ್ಟರೆ ಸಾಕು ಅಂತ ಎಲ್ಲೋ ಓದಿದ್ದೆ. 1930ರ ದಶಕದ ಮೊದಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲೂ ಲಾಳದ ಅಯಸ್ಕಾಂತವೇ ಇತ್ತು ಅಂತ ಆಮೇಲೆ ತಿಳಿದು ನನ್ನ ಬಗ್ಗೆ ನನಗೇ ಅಭಿಮಾನ ಬಂತು. ಫ್ಯಾನು ಮೋಟಾರು ಸುತ್ತುವ ಅಂಗಡಿಯಿಂದ ಇದ್ದುದರಲ್ಲೇ ತೆಳ್ಳಗಿನ ತಂತಿ ತಂದು, ಮೂರು ರಾತ್ರಿ ಕೂತು ಕೈಯಿಂದ ಸುತ್ತಿದೆ.

ಮುಂದಿನ ಪ್ರ್ಯಾಕ್ಟಿಕಲ್ಲಿನಲ್ಲಿ ಅಯಸ್ಕಾಂತಕ್ಕಾಗಿ ಹುಡುಕಾಟ ನಡೆಯಿತು. ಅಟೆಂಡರ್ ಕಪಾಟಿನ ಕೆಳಗೆಲ್ಲ ಕಸಬರಿಗೆ ಆಡಿಸಿದ. ನಾನೂ ಜೊತೆಗೆ ಬಗ್ಗಿ ಹುಡುಕಿದೆ. ಸಂಜೆ ಸರ್ ಕರೆದರು.

“ಎಷ್ಟ ಸುತ್ತ ಹಾಕೀದಿ?”

“ಏನ ಸರ?”

“ಕಾಯಿಲ್‌ಗಲೇ ತಮ್ಮಾ. ಎಷ್ಟ ಸುತ್ತ?”

ಅವರ ಮುಂದೆ ನನ್ನ ಜರ್ನಲ್ ಇತ್ತು. ಸಹಿಗೆ ನಾನೇ ಇಟ್ಟು ಬಂದಿದ್ದೆ. ಕೊನೆಯ ಹಾಳೆಯಲ್ಲಿ ಗಿಟಾರಿನ ಚಿತ್ರ, ಅಯಸ್ಕಾಂತ ಸಮೇತ, ಬಾಣದ ಗುರುತು ಹಾಕಿ ಬರೆದಿದ್ದೆ!

“ಎರಡ ಸಾವಿರ ಸರ.”

“ಸಾಲೂದಿಲ್ಲ. ಇನ್ನೆರಡ ಸಾವಿರ ಸುತ್ತು.”

ಅಷ್ಟೇ. ಮುನ್ನೂರು ಸುತ್ತುವಷ್ಟರಲ್ಲಿ ತಂತಿ ಹರಿಯಿತು. ಬೆಸೆದು ಅಲ್ಲಿಗೇ ಬಿಟ್ಟೆ.

ಆ ವರ್ಷದ ಗ್ಯಾದರಿಂಗ್‌ನಲ್ಲಿ ನಮ್ಮ ಮೊದಲ ಕಾರ್ಯಕ್ರಮ. ಆಂಪ್ಲಿಫೈಯರ್ ಚಾಲೂ ಮಾಡಿದೊಡನೆ ಗುಂಯ್ ಅನ್ನತೊಡಗಿತು. ವೇದಿಕೆಯ ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ. ಎದುರಿಗೆ ಇಡೀ ಕಾಲೇಜು, ಮುಂದಿನ ಸಾಲಿನಲ್ಲಿ ಹುಡುಗಿಯರು. ನನ್ನ ಅಂಗೈ ಬೆವರುತ್ತಿತ್ತು. ಸರ್ ಪರದೆಯ ಹಿಂದಿನಿಂದ ಬಂದು ಸ್ಪೀಕರ್ ಡಬ್ಬಿಗೆ ಕಿವಿ ಹಚ್ಚಿ ನಿಂತರು.

“50ರ ದುಪ್ಪಟ್ಟು, 100 ಹರ್ಟ್ಜ್ ಇದು. ನಿಮ್ಮ ಸ್ವರದಾಗ ಇದರ ಬಾಜೂಕ ಯಾವದೈತಿ?”

“ಜಿ ಐತಿ ಸರ. 98.”

“ಹಂಗಾರ ಎಲ್ಲಾ ತಂತಿ ಒಂದ ಚೂರು ಏರಸ್ರಿ. ಜಿ ಒಳಗ ಹಾಡ್ರಿ. ಮಂದಿ ತಂಬೂರಿ ಅಂತ ತಿಳೀತಾರ.”

ಮೂರೂ ಹಾಡು ಜಿಯಲ್ಲಿ ಹಾಡಿದೆವು. ಕೊನೆಗೆ ನಮ್ಮ ಕನ್ನಡ ಮೇಷ್ಟ್ರು ಬಂದು, “ಚೀರಾಟ ಏನೂ ತಿಳೀಲಿಲ್ಲಪಾ, ಆದ್ರ ಶ್ರುತಿಪೆಟ್ಟಿಗಿ ಭಾಳ ಛಲೋ ಇತ್ತು” ಅಂದರು.

ಆಮೇಲೆ ಎರಡು ವರ್ಷ ಹುಬ್ಬಳ್ಳಿಯ ಗಣಪತಿ ಪೆಂಡಾಲುಗಳಲ್ಲಿ ಬಾರಿಸಿದೆವು. ಜನ ಕೇಳಿದ್ದು ಸಿನಿಮಾ ಹಾಡು. ಐದಕ್ಕೆ ಒಂದರಂತೆ ನಮ್ಮದನ್ನು ನುಗ್ಗಿಸುತ್ತಿದ್ದೆವು. ಬಂದ ದುಡ್ಡು ಟೆಂಪೋ ಬಾಡಿಗೆಗೆ, ಗಿರಮಿಟ್ಟಿಗೆ, ಮಿರ್ಚಿಗೆ ಸರಿಹೋಗುತ್ತಿತ್ತು. ಭಜನೆ, ಜನಪದ ಕ್ಯಾಸೆಟ್ ಮಾಡುವ ಒಂದು ಸ್ಟುಡಿಯೋದಲ್ಲಿ ರಾತ್ರಿ ಹತ್ತರ ನಂತರ ಅರ್ಧ ದರ. ಅಲ್ಲೇ ನಮ್ಮ ಕ್ಯಾಸೆಟ್ ಆಯಿತು. ಎಲ್ಲರೂ ಒಟ್ಟಿಗೇ ಬಾರಿಸಬೇಕು; ಒಬ್ಬ ತಪ್ಪಿದರೆ ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿಂದ. ಹಾಡಿನ ನಡುವೆ ಕೆಮ್ಮಿದ್ದಕ್ಕೆ ನಾವು ಬೇಸ್ ಗಿಟಾರಿನವನ ಹತ್ತಿರ ಎರಡು ದಿನ ಮಾತು ಬಿಟ್ಟಿದ್ದೆವು. ನೂರು ಕ್ಯಾಸೆಟ್ ಮಾಡಿಸಿ ಇಪ್ಪತ್ತಮೂರು ಮಾರಿದೆವು. ಉಳಿದವುಗಳ ಮೇಲೆ ನಮ್ಮ ಅಕ್ಕ ದೇವರ ನಾಮ ತುಂಬಿಸಿಕೊಂಡಳು. ಸರ್ ರೊಕ್ಕ ಕೊಟ್ಟೇ ಒಂದು ತಗೊಂಡಿದ್ದರು. ಕೇಳಿ ಹೇಳಿದ್ದು ಒಂದೇ ಮಾತು: “ಎರಡನೇ ಹಾಡಿನ್ಯಾಗ ಗುಂಯ್ ಇನ್ನೂ ಐತಿ.”

ಈಗ ಪುಣೆಯಲ್ಲಿ ನನ್ನ ಕೈಕೆಳಗೆ ನಲವತ್ತು ಎಂಜಿನಿಯರುಗಳಿದ್ದಾರೆ. ಒಬ್ಬರಿಗೂ ಫ್ಯೂಜ್ ಕಟ್ಟಲು ಬರೋದಿಲ್ಲ. ನನಗೆ ಬರುತ್ತದೆ.

ಕಳೆದ ತಿಂಗಳು ಸರ್ ನೆನಪಿನ ಸಭೆಗೆ ಬಂದಾಗ ಲ್ಯಾಬಿಗೂ ಹೋಗಿದ್ದೆ. ಮಕ್ಕಳು ಅದೇ ಪ್ರಯೋಗವನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡುತ್ತಿದ್ದರು. ಮೌಸ್ ಒತ್ತಿದರೆ ಚಿತ್ರದ ತಂತಿ ನಡುಗುತ್ತದೆ, ಚಿತ್ರದ ಕಾಗದ ಹಾರುತ್ತದೆ. ಎಲ್ಲರಿಗೂ 50. ಒಬ್ಬ ಹುಡುಗನಿಗಾದರೂ 46 ಬಂದಿದ್ದರೆ ಅವನಿಗೆ ಪೇಡೆ ಕೊಡಿಸುತ್ತಿದ್ದೆ.

ಅಯಸ್ಕಾಂತವನ್ನು ಗಿಟಾರಿನಿಂದ ಬಿಚ್ಚಿ ಚೀಲದಲ್ಲಿ ತಂದಿದ್ದೆ. ಲ್ಯಾಬಿನ ಮೇಡಂ ನಗುತ್ತಲೇ ಹಳೆಯ ಸ್ಟಾಕ್ ರಿಜಿಸ್ಟರ್ ಹುಡುಕಿಸಿದರು. ಲಾಳದ ಅಯಸ್ಕಾಂತ, ಒಂದು ಕಡಿಮೆ. ಅದರ ಮುಂದೆ ಸರ್ ಕೈಬರಹ. ಪುಟವೆಲ್ಲ ಇಂಗ್ಲಿಷಿನಲ್ಲಿದ್ದರೂ ಆ ಒಂದು ಶಬ್ದ ಕನ್ನಡದಲ್ಲಿ: “ಪ್ರಯೋಗದಲ್ಲಿದೆ.” ಮರುವರ್ಷದ ಎಣಿಕೆಯಲ್ಲೂ ಅದೇ. ಅವರು ನಿವೃತ್ತರಾಗುವವರೆಗೆ ಪ್ರತಿ ವರ್ಷವೂ ಅದೇ.

“ವಾಪಸ್ ಬಂತು ಅಂತ ಬರೀಲಾ ಸರ್?” ಅಂತ ಮೇಡಂ ಪೆನ್ನು ತೆಗೆದರು.

ಬೇಡ ಅಂದೆ. ಇನ್ನೂ ಸಾವಿರದ ಏಳುನೂರು ಸುತ್ತು ಬಾಕಿ ಇವೆ.